ಹರೆಯದ ದೇಹವೂ ತಕ್ಕಡಿಯೂ

ಕುಸ್ತಿಯ ಕಣವು ಬೆಳಗಾವಿಯ ಜನರಿಗೆ ಹೊಸದಲ್ಲ. ನಗರದ ಆನಂದವಾಡಿ ಆಖಾಡದಲ್ಲಿ ದೊಡ್ಡ ಕುಸ್ತಿಗಳು ನಡೆಯುವ ದಿನ ಸುತ್ತಣ ಹಳ್ಳಿಗಳಿಂದಲೂ ಜನರು ಬಂದು ನೆರೆಯುವರು. ಅಂಥ ಕಣದ ಅಂಚಿನಲ್ಲಿ ಇಬ್ಬರು ಹುಡುಗರು ನಿಂತಿರುವರೆಂದು ಊಹಿಸೋಣ. ಇಬ್ಬರಿಗೂ ಹದಿನಾರು ವರ್ಷ. ಇಬ್ಬರ ಎತ್ತರವೂ ೧೬೫ ಸೆಂಟಿಮೀಟರು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಇಬ್ಬರದೂ ೫೮ ಕಿಲೋಗ್ರಾಂ. ಒಬ್ಬನು ದಿನವೂ ನಸುಕಿನಲ್ಲಿ ತಾಲೀಮಿಗೆ ಹೋಗಿ ದಂಡ, ಬೈಠಕ್ ಹೊಡೆಯುವವನು. ಇನ್ನೊಬ್ಬನು ಶಾಲೆಗೆ ಸ್ಕೂಟರಿನಲ್ಲಿಯೂ ಟ್ಯೂಷನ್ನಿಗೆ ರಿಕ್ಷಾದಲ್ಲಿಯೂ ಹೋಗಿಬಂದು, ಉಳಿದ ಹೊತ್ತನ್ನು ಪುಸ್ತಕದ ಮುಂದೆ ಇಲ್ಲವೇ ಮೊಬೈಲಿನ ಮುಂದೆ ಕಳೆಯುವವನು. ತಕ್ಕಡಿಯ ಲೆಕ್ಕದಲ್ಲಿ ಇಬ್ಬರೂ ಸಮಾನರು. ದೇಹದ ಒಳಗೂ ಅವರು ಸಮಾನರೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಹರೆಯದಲ್ಲಿ ದೇಹದ ತೂಕವನ್ನು ಹೇಗೆ ನೋಡಬೇಕು, ಹೇಗೆ ಕಾಪಾಡಿಕೊಳ್ಳಬೇಕು ಎಂಬ ವಿಷಯವೆಲ್ಲ ಬಿಡಿಸಿಕೊಳ್ಳುತ್ತದೆ.

ತಕ್ಕಡಿಯು ಅಳೆಯುವುದು ಏನನ್ನು?

ಮೂಳೆ, ಮಾಂಸ, ನೀರು, ಕೊಬ್ಬು ಎಂಬ ಭೇದವು ತಕ್ಕಡಿಗೆ ತಿಳಿಯದು. ಅದು ತೋರಿಸುವುದು ಇವೆಲ್ಲವುಗಳ ಮೊತ್ತವನ್ನು ಮಾತ್ರ. ಮಾಂಸಖಂಡವು ದುಡಿಯುವ ಅಂಗಾಂಶ. ಊಟದ ತರುವಾಯ ರಕ್ತಕ್ಕೆ ಸೇರುವ ಗ್ಲೂಕೋಸನ್ನು ಹೀರಿ ಬಳಸುವುದರಲ್ಲಿ ಅದರದೇ ಹಿರಿಯ ಪಾಲು. ಕೊಬ್ಬು ದೇಹದ ಉಗ್ರಾಣ. ಉಗ್ರಾಣವಿಲ್ಲದೆ ಮನೆ ನಡೆಯದು. ಆದರೆ ಅದು ಮಿತಿಮೀರಿ, ವಿಶೇಷವಾಗಿ ಹೊಟ್ಟೆಯ ಒಳಭಾಗದಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾದಾಗ, ಇನ್ಸುಲಿನ್ ಎಂಬ ಹಾರ್ಮೋನಿನ ಕೆಲಸಕ್ಕೆ ಅಡ್ಡಿಯುಂಟಾಗುತ್ತದೆ. ಮಧುಮೇಹಕ್ಕೆ ಹಾದಿಯಾಗುವುದು ಹೀಗೆ.

ಬೆಳಗಾವಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ಸಿಕ್ಕುವ ಪುಣೆ ನಗರದಲ್ಲಿ ಈ ವಿಷಯವಾಗಿ ನಡೆದ ಸಂಶೋಧನೆಯು ಲೋಕಪ್ರಸಿದ್ಧವಾಗಿದೆ. ೨೦೦೪ರಲ್ಲಿ ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ, 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಒಂದು ಪುಟದ ಬರಹವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ತಿಳಿಸುವ ಸೂಚ್ಯಂಕವು ಇಬ್ಬರಲ್ಲಿಯೂ ೨೨.೩ ಇತ್ತು. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬಿನ ಪಾಲು ನೂರಕ್ಕೆ ೯.೧, ಯಾಜ್ಞಿಕರ ದೇಹದಲ್ಲಿ ನೂರಕ್ಕೆ ೨೧.೨! ಇದಕ್ಕೆ ಒಂದು ವರ್ಷ ಹಿಂದೆ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪುಣೆಯ ಸಮೀಪದ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ ೨.೭ ಕಿಲೋಗ್ರಾಂ ಎಂದೂ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು ೩.೫ ಕಿಲೋಗ್ರಾಂ ಎಂದೂ ಕಂಡುಬಂದಿತ್ತು. ನಮ್ಮ ಶಿಶುಗಳಲ್ಲಿ ಮಾಂಸಖಂಡವು ಬಹಳ ಕಡಿಮೆಯಾಗಿದ್ದರೂ ಚರ್ಮದ ಕೆಳಗಿನ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬಿನ ಪಾಲು ಹೆಚ್ಚಾಗಿರುವ ದೇಹಪ್ರಕೃತಿ ಭಾರತೀಯರಲ್ಲಿ ವಿಶೇಷವಾಗಿ ಉಂಟೆಂಬುದು ಇದರಿಂದ ತಿಳಿದುಬಂದಿತು.

ಆದುದರಿಂದ ಕಣದ ಅಂಚಿನಲ್ಲಿ ನಿಂತ ನಮ್ಮ ಇಬ್ಬರು ಹುಡುಗರ ತೂಕವು ಒಂದೇ ಆದರೂ ಅವರ ದೇಹಗಳು ಬೇರೆ ಬೇರೆಯಾಗಿರಬಲ್ಲವು. ಇನ್ನೊಂದು ಮಾತೂ ಇದರಿಂದ ಸ್ಪಷ್ಟವಾಗುತ್ತದೆ. "ನಾನು ತೆಳ್ಳಗಿದ್ದೇನೆ, ನನಗೆ ವ್ಯಾಯಾಮ ಬೇಡ" ಎನ್ನುವ ವಿದ್ಯಾರ್ಥಿಯೂ ನಿಶ್ಚಿಂತನಾಗಿರುವಂತಿಲ್ಲ.

ಹರೆಯದಲ್ಲಿ ತೂಕ ಏರುವುದು ಸಹಜ

ಬೆಳೆದವರ ತೂಕದ ನಿಯಮಗಳನ್ನು ಬೆಳೆಯುತ್ತಿರುವವರಿಗೆ ಹಚ್ಚುವುದು ದೊಡ್ಡ ತಪ್ಪು. ಎತ್ತರದ ಬೆಳವಣಿಗೆಯು ಹುಡುಗಿಯರಲ್ಲಿ ಸುಮಾರು ೧೧–೧೨ನೆಯ ವಯಸ್ಸಿನಲ್ಲಿಯೂ ಹುಡುಗರಲ್ಲಿ ಸುಮಾರು ೧೩–೧೪ನೆಯ ವಯಸ್ಸಿನಲ್ಲಿಯೂ ಅತಿ ವೇಗವಾಗಿರುತ್ತದೆ. ವಯಸ್ಕನ ಎತ್ತರದಲ್ಲಿ ಸುಮಾರು ಐದನೆಯ ಒಂದು ಭಾಗ, ತೂಕದಲ್ಲಿ ಸುಮಾರು ಅರ್ಧಭಾಗ ಹರೆಯದ ಕೆಲವೇ ವರ್ಷಗಳಲ್ಲಿ ಕೂಡಿಬರುತ್ತವೆ. ಮೂಳೆಗಳಲ್ಲಿ ಸುಣ್ಣದ ಲವಣಗಳು ಭರದಿಂದ ತುಂಬುವ ಕಾಲವೂ ಇದೇ. ಹುಡುಗರಲ್ಲಿ ಮಾಂಸಖಂಡಗಳು ಬಲಿಯುತ್ತವೆ. ಹುಡುಗಿಯರಲ್ಲಿ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಪ್ರಕೃತಿಯ ಏರ್ಪಾಟು. ಅದು ರೋಗವಲ್ಲ, ಅಲಕ್ಷ್ಯದ ಫಲವೂ ಅಲ್ಲ.

ಅಲ್ಲದೆ ಈ ಬದಲಾವಣೆಗಳು ಎಲ್ಲರಲ್ಲಿಯೂ ಒಂದೇ ವರ್ಷದಲ್ಲಿ ಮೊದಲಾಗುವುದಿಲ್ಲ. ಒಂಬತ್ತನೆಯ ತರಗತಿಯ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರ ನಡುವೆ ದೈಹಿಕ ಬೆಳವಣಿಗೆಯಲ್ಲಿ ಎರಡು ಮೂರು ವರ್ಷಗಳ ಅಂತರವಿರಬಹುದು. ಗೆಳತಿಯ ತೂಕಕ್ಕೆ ತನ್ನ ತೂಕವನ್ನು ಹೋಲಿಸಿಕೊಂಡು ಕೊರಗುವುದು ನಿರರ್ಥಕ. ಸಹಪಾಠಿಯ ಮೈಕಟ್ಟನ್ನು ಕುರಿತು ಹಾಸ್ಯಮಾಡುವುದು ಕ್ರೌರ್ಯ.

ಸೂಚ್ಯಂಕದ ಲೆಕ್ಕ

ಬೆಲ್ಜಿಯಂ ದೇಶದ ಖಗೋಳಜ್ಞ ಅಡಾಲ್ಫ್ ಕೆಟ್ಲೆ ಎಂಬಾತನು ೧೮೩೨ರಲ್ಲಿ, ವಯಸ್ಕರ ತೂಕವು ಸ್ಥೂಲವಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದನ್ನು ಗುರುತಿಸಿದನು. ಅಮೆರಿಕದ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿಯು ೧೯೭೨ರಲ್ಲಿ ಈ ಲೆಕ್ಕಕ್ಕೆ ದೇಹತೂಕ ಸೂಚ್ಯಂಕ, ಎಂದರೆ ಬಿ.ಎಂ.ಐ., ಎಂಬ ಹೆಸರನ್ನಿತ್ತನು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸೂಚ್ಯಂಕವು ದೊರೆಯುತ್ತದೆ. ನಮ್ಮ ಹುಡುಗರ ಉದಾಹರಣೆಯಲ್ಲಿ ೧.೬೫ನ್ನು ೧.೬೫ರಿಂದ ಗುಣಿಸಿದರೆ ೨.೭೨, ೫೮ನ್ನು ೨.೭೨ರಿಂದ ಭಾಗಿಸಿದರೆ ಸುಮಾರು ೨೧.೩.

ಈ ಅಂಕಿಯನ್ನು ವಯಸ್ಸಿನೊಡನೆ ಕೂಡಿಸಿಯೇ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ೫ರಿಂದ ೧೯ ವರ್ಷದವರಿಗಾಗಿ ಬೆಳವಣಿಗೆಯ ಪಟ್ಟಿಗಳನ್ನು ಹೊರಡಿಸಿತು. ಭಾರತೀಯ ಮಕ್ಕಳಿಗಾಗಿ ಮಕ್ಕಳ ವೈದ್ಯರ ಭಾರತೀಯ ಅಕಾಡೆಮಿಯು ೨೦೧೫ರಲ್ಲಿ ಪರಿಷ್ಕೃತ ಪಟ್ಟಿಗಳನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ೨೨ ಎಂಬ ಸೂಚ್ಯಂಕವು ಹದಿನಾರರ ಹುಡುಗನಿಗೆ ಸಾಮಾನ್ಯವೇ ಸರಿ. ಹತ್ತು ವರ್ಷದ ಹುಡುಗನಿಗಾದರೆ ಅದು ಬೊಜ್ಜಿನ ಗೆರೆಯನ್ನು ದಾಟಿದಂತೆ. ಆದುದರಿಂದ ದೊಡ್ಡವರಿಗಾಗಿ ಬರೆದ ಗೋಡೆಪಟವನ್ನು ನೋಡಿ ವಿದ್ಯಾರ್ಥಿಗಳು ತಮಗೆ ತಾವೇ ತೀರ್ಪು ಕೊಟ್ಟುಕೊಳ್ಳಬಾರದು. ಒಂದು ದಿನದ ಅಂಕಿಗಿಂತ ಎರಡು ಮೂರು ವರ್ಷಗಳ ಅಂಕಿಗಳು ಪಟ್ಟಿಯ ಗೆರೆಗಳ ನಡುವೆ ಹೇಗೆ ಸಾಗುತ್ತಿವೆ ಎಂಬುದೇ ವೈದ್ಯನಿಗೆ ಹೆಚ್ಚು ಉಪಯುಕ್ತವಾದ ಸುಳಿವು.

ಆಯ ಮತ್ತು ವ್ಯಯ

ಉಸಿರಾಟವು ಒಂದು ಬಗೆಯ ಮಂದ ದಹನವೆಂಬುದನ್ನು ಫ್ರಾನ್ಸಿನ ಲವಾಜಿಯೇನು ೧೭೮೦ರ ದಶಕದಲ್ಲಿಯೇ ತೋರಿಸಿಕೊಟ್ಟನು. ಆಹಾರವೇ ಇಂಧನ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ಸುಮಾರು ೪, ಒಂದು ಗ್ರಾಂ ಪ್ರೋಟೀನಿನಿಂದ ೪, ಒಂದು ಗ್ರಾಂ ಕೊಬ್ಬಿನಿಂದ ೯ ಕಿಲೋಕ್ಯಾಲೊರಿ ಶಕ್ತಿಯು ದೊರೆಯುತ್ತದೆ. ವ್ಯಯದ ಕಡೆಯಲ್ಲಿ ಮೊದಲ ಬಾಬು, ಸುಮ್ಮನೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡಗಳು ನಡೆಸುವ ಕೆಲಸ. ದಿನದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಇದಕ್ಕೇ ಸಲ್ಲುತ್ತದೆ. ಉಳಿದುದು ಚಲನವಲನಕ್ಕೆ, ಜೀರ್ಣಕ್ರಿಯೆಗೆ ಮತ್ತು ಹರೆಯದಲ್ಲಿ ಬೆಳವಣಿಗೆಗೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ಮಾಡಿದ ಶಿಫಾರಸಿನಂತೆ, ಕುಳಿತು ಕೆಲಸಮಾಡುವ ವಯಸ್ಕ ಗಂಡಸಿಗೆ ದಿನಕ್ಕೆ ೨೧೧೦ ಕಿಲೋಕ್ಯಾಲೊರಿ ಸಾಕು. ೧೬–೧೮ ವರ್ಷದ ಹುಡುಗನಿಗಾದರೋ ೩೩೨೦, ಅದೇ ವಯಸ್ಸಿನ ಹುಡುಗಿಗೆ ೨೫೦೦ ಬೇಕು. ಮಗನು ತಂದೆಗಿಂತ ಎರಡು ರೊಟ್ಟಿ ಹೆಚ್ಚು ಉಂಡರೆ ಅದು ಹೊಟ್ಟೆಬಾಕತನವಲ್ಲವೆಂದು ಇದರಿಂದ ತಿಳಿಯಬೇಕು. ಆದರೆ ಈ ಲೆಕ್ಕವು ಆಡುವ, ಓಡುವ ಹುಡುಗನಿಗೆ ಹೇಳಿದ್ದೆಂಬುದನ್ನು ಮರೆಯಬಾರದು.

ಈಗ ಒಂದು ಸಣ್ಣ ಗಣಿತವನ್ನು ಮಾಡೋಣ. ೫೦ ಕಿಲೋಗ್ರಾಂ ತೂಕದ ವಿದ್ಯಾರ್ಥಿಯು ಸಮತಟ್ಟಾದ ರಸ್ತೆಯಲ್ಲಿ ಒಂದು ಕಿಲೋಮೀಟರು ಬಿರುಸಾಗಿ ನಡೆದರೆ ಸುಮಾರು ೩೫ ಕಿಲೋಕ್ಯಾಲೊರಿ ವೆಚ್ಚವಾಗುತ್ತದೆ. ೩೦೦ ಮಿಲಿಲೀಟರಿನ ಒಂದು ಸೀಸೆ ಸಿಹಿ ಪಾನೀಯದಲ್ಲಿ ಸುಮಾರು ೩೦ ಗ್ರಾಂ ಸಕ್ಕರೆ, ಎಂದರೆ ೧೨೦ ಕಿಲೋಕ್ಯಾಲೊರಿ ಇರುತ್ತದೆ. ಐದು ನಿಮಿಷದಲ್ಲಿ ಕುಡಿದುದನ್ನು ತೀರಿಸಲು ಮೂರೂವರೆ ಕಿಲೋಮೀಟರು ನಡೆಯಬೇಕಾಯಿತು! ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿಯೂ ಸುಮಾರು ೧೬೫ ಕಿಲೋಕ್ಯಾಲೊರಿ ಉಂಟು. ಆದರೆ ಅದರೊಡನೆ ಪ್ರೋಟೀನು, ನಾರು, ಲವಣಗಳೂ ಬರುತ್ತವೆ, ಅಗಿದು ತಿನ್ನಬೇಕಾಗುತ್ತದೆ, ಹಸಿವು ಬಹಳ ಹೊತ್ತು ತಣಿಯುತ್ತದೆ. ಸಿಹಿ ಪಾನೀಯವು ಹಸಿವನ್ನು ಅಷ್ಟಾಗಿ ತಣಿಸದೆಯೇ ಒಳಗೆ ಸೇರಿಬಿಡುತ್ತದೆ.

ಹಾಗಾದರೆ ಬೆಳಗಾವಿಯ ಕುಂದಾವನ್ನು ತಿನ್ನಲೇಬಾರದೇ ಎಂದು ಕೆಲವರು ಕೇಳಬಹುದು. ಹಬ್ಬದ ದಿನ ಮನೆಯವರೊಡನೆ ಕುಳಿತು ತಿನ್ನುವ ಸಿಹಿಯಿಂದ ಯಾರಿಗೂ ಬೊಜ್ಜು ಬರುವುದಿಲ್ಲ. ತೂಕವನ್ನು ಏರಿಸುವುದು ಗಮನಕ್ಕೇ ಬಾರದಂತೆ ದಿನದಿನವೂ ಮರುಕಳಿಸುವ ಅಭ್ಯಾಸ.

ಸೆಣಬಿನ ಗಿರಣಿಯ ಪಾಠ, ಉಪವಾಸದ ಪಾಠ

ಕಡಿಮೆ ಓಡಾಡುವವನು ಕಡಿಮೆ ಉಂಡರೆ ಸರಿಹೋಯಿತಲ್ಲ ಎಂಬ ವಾದವುಂಟು. ಜಾನ್ ಮೇಯರ್ ಎಂಬ ಆಹಾರವಿಜ್ಞಾನಿಯೂ ಅವನ ಸಂಗಡಿಗರೂ ಪಶ್ಚಿಮ ಬಂಗಾಲದ ಒಂದು ಸೆಣಬಿನ ಗಿರಣಿಯ ೨೧೩ ಕೆಲಸಗಾರರನ್ನು ಪರೀಕ್ಷಿಸಿ ೧೯೫೬ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಗುರ ಕೆಲಸದಿಂದ ಹಿಡಿದು ಭಾರದ ಕೆಲಸದವರೆಗೆ ದುಡಿಮೆ ಹೆಚ್ಚಿದಂತೆ ಊಟವೂ ಹೆಚ್ಚುತ್ತಿತ್ತು, ತೂಕ ಏರಿರಲಿಲ್ಲ. ಆದರೆ ದಿನವಿಡೀ ಕುಳಿತೇ ಇರುವವರು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು. ಅವರ ತೂಕವೂ ಹೆಚ್ಚಾಗಿತ್ತು. ಒಂದು ಮಟ್ಟದ ಚಲನೆಯಿದ್ದಾಗ ಹಸಿವು ದೇಹದ ಅಗತ್ಯವನ್ನು ಸರಿಯಾಗಿ ಅಳೆಯುತ್ತದೆ. ಚಲನೆಯು ಆ ಮಟ್ಟಕ್ಕಿಂತ ಕೆಳಗಿಳಿದಾಗ ಆ ಅಳತೆಯೇ ಕೆಡುತ್ತದೆ ಎಂದು ಮೇಯರನು ತೀರ್ಮಾನಿಸಿದನು.

ಎರಡನೆಯ ಪಾಠವು ಉಪವಾಸದ್ದು. ೧೯೪೪–೪೫ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸನು ೩೬ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದ, ೨೪ ವಾರಗಳ ಕಾಲ ಸುಮಾರು ಅರ್ಧ ಹೊಟ್ಟೆಯ ಊಟವನ್ನು ಕೊಟ್ಟನು. ಅವರ ತೂಕವು ಕಾಲುಭಾಗದಷ್ಟು ಇಳಿಯಿತು. ಅದರೊಡನೆ ದೇಹದ ಮೂಲವೆಚ್ಚವೂ ಬಹಳವಾಗಿ ಕುಗ್ಗಿತು. ಚಳಿ, ಆಯಾಸ, ಸಿಡುಕು, ಖಿನ್ನತೆ ಅವರನ್ನು ಆವರಿಸಿದವು. ಹಗಲಿರುಳೂ ಅನ್ನದ ಚಿಂತೆಯೇ ಅವರಿಗೆ ಆಯಿತು. ಪ್ರಯೋಗ ಮುಗಿದ ಮೇಲೆ ಅವರಲ್ಲಿ ಅನೇಕರು ಅಂಕೆಯಿಲ್ಲದೆ ಉಂಡು, ಮೊದಲಿದ್ದುದಕ್ಕಿಂತ ಹೆಚ್ಚು ಕೊಬ್ಬನ್ನು ಕೂಡಿಸಿಕೊಂಡರು. ಬೆಳೆದು ನಿಂತ ತರುಣರ ಗತಿಯೇ ಹೀಗಾದರೆ, ಬೆಳೆಯುತ್ತಿರುವ ದೇಹವನ್ನು ಹಸಿವಿಗೆ ದೂಡುವುದರ ಪರಿಣಾಮವನ್ನು ಊಹಿಸಬಹುದು. ಎತ್ತರವು ಕುಂಠಿತವಾಗುತ್ತದೆ, ಮೂಳೆಗಳು ಟೊಳ್ಳಾಗುತ್ತವೆ, ಹುಡುಗಿಯರಲ್ಲಿ ಮುಟ್ಟು ನಿಂತುಹೋಗುವುದೂ ಉಂಟು. ಬೆಳಗಿನ ಉಪಾಹಾರವನ್ನು ಬಿಡುವುದು, ವಾರಗಟ್ಟಲೆ ಅನ್ನ ರೊಟ್ಟಿಗಳನ್ನು ತೊರೆಯುವುದು, ಜಾಹೀರಾತನ್ನು ನಂಬಿ ಪುಡಿ ಗುಳಿಗೆಗಳನ್ನು ನುಂಗುವುದು, ಇವೆಲ್ಲ ಹರೆಯದವರಿಗೆ ವರ್ಜ್ಯ.

ನೀರಿನ ತೂಕ, ಕೊಬ್ಬಿನ ತೂಕ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿಯ ಹೆಸರನ್ನೇ ಹೊತ್ತ ಬೆಳಗಾವಿಯ ತುರಮುರಿ ಗ್ರಾಮದ ಮಲಪ್ರಭಾ ಜಾಧವ್ ಅವರು, ೨೦೧೮ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಕುರಾಶ್ ಎಂಬ ಕುಸ್ತಿಯ ೫೨ ಕಿಲೋಗ್ರಾಂ ವಿಭಾಗದಲ್ಲಿ ಕಂಚಿನ ಪದಕವನ್ನು ಗೆದ್ದರು. ಈ ಬಗೆಯ ಆಟಗಳಲ್ಲಿ ಸಮತೂಕದವರನ್ನೇ ಎದುರುಬದುರು ನಿಲ್ಲಿಸುವುದು ನ್ಯಾಯವೇ. ಆದರೆ ಇದರಿಂದ ತೂಕವನ್ನು ಒಂದೆರಡು ದಿನಗಳಲ್ಲಿ ಇಳಿಸುವ ಚಪಲವೂ ಹುಟ್ಟುತ್ತದೆ. ೨೦೨೪ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ೫೦ ಕಿಲೋಗ್ರಾಂ ವಿಭಾಗದ ಅಂತಿಮ ಪಂದ್ಯವನ್ನು ತಲುಪಿದ್ದ ವಿನೇಶ್ ಫೋಗಟ್ ಅವರು ಕೇವಲ ೧೦೦ ಗ್ರಾಂ ಹೆಚ್ಚು ತೂಗಿದ್ದರಿಂದ ಅನರ್ಹರಾದುದನ್ನು ವಾಚಕರು ಬಲ್ಲರು.

ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು ೭೭೦೦ ಕಿಲೋಕ್ಯಾಲೊರಿ ಅಡಗಿರುತ್ತದೆ. ಮೇಲಿನ ಗಣಿತದಂತೆ, ೧೦೦ ಗ್ರಾಂ ಕೊಬ್ಬು ಕರಗಬೇಕಾದರೆ ೫೦ ಕಿಲೋಗ್ರಾಮಿನವನು ೨೨ ಕಿಲೋಮೀಟರು ನಡೆಯಬೇಕು. ಹೀಗಿರಲು ಒಂದೇ ರಾತ್ರಿಯಲ್ಲಿ ಇಳಿಯುವ ಒಂದೆರಡು ಕಿಲೋಗ್ರಾಂ ಕೊಬ್ಬಾಗಿರಲು ಸಾಧ್ಯವಿಲ್ಲ; ಅದರಲ್ಲಿ ಬಹುಪಾಲು ನೀರು. ನೀರು ಕಳೆದಂತೆ ರಕ್ತದ ಗಾತ್ರ ಕುಗ್ಗುತ್ತದೆ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ, ಮೈಯ ಉಷ್ಣತೆ ಏರುತ್ತದೆ. ೧೯೯೭ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಮಲ್ಲರು ಹೀಗೆ ಬೆವರಿಳಿಸಿ ತೂಕ ಕಳೆಯಲು ಹೋಗಿ ಪ್ರಾಣವನ್ನೇ ಕಳೆದುಕೊಂಡರು. ತಾಲೀಮಿಗೆ ಹೋಗುವ ಕಿಶೋರರೂ ಅವರ ವಸ್ತಾದರೂ ಇದನ್ನು ಮರೆಯಬಾರದು.

ತೂಕ ಇಳಿಯದಿದ್ದರೂ ವ್ಯಾಯಾಮ ವ್ಯರ್ಥವಲ್ಲ

ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯನು ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ೧೯೫೩ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಖ್ಯಾತವಾದುದು. ಚಾಲಕರು ದಿನವೆಲ್ಲ ಕುಳಿತಿರುವರು. ಕಂಡಕ್ಟರರು ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುವರು. ಕಂಡಕ್ಟರರಲ್ಲಿ ಹೃದಯಾಘಾತವು ಕಡಿಮೆಯಾಗಿಯೂ ಬಂದಾಗ ಸೌಮ್ಯವಾಗಿಯೂ ಇತ್ತು. ಚಾಲಕರ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿದಾಗ, ಅವರ ಸೊಂಟವು ಮೊದಲಿನಿಂದಲೂ ದೊಡ್ಡದೆಂದು ತಿಳಿಯಿತು. ಹಾಗಾದರೆ ಕಾರಣವು ಬೊಜ್ಜೋ, ಕುಳಿತಿರುವುದೋ? ಒಂದೇ ಬಗೆಯ ಮೈಕಟ್ಟಿನ ಚಾಲಕರನ್ನೂ ಕಂಡಕ್ಟರರನ್ನೂ ಹೋಲಿಸಿ ನೋಡಿದಾಗಲೂ ಕಂಡಕ್ಟರರ ಮೇಲುಗೈ ಉಳಿಯಿತು. ಚಲನೆಗೆ ತನ್ನದೇ ಆದ ಫಲವುಂಟು. ಅದು ತೂಕದ ಯಂತ್ರದಲ್ಲಿ ಕಾಣದಿರಬಹುದು.

ಕಾಡಿನ ದಾರಿಯಲ್ಲಿ ನಡೆಯುವವರು

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ಕಾಡು. ಅಲ್ಲಿಯ ಹಳ್ಳಿಗಳ ಮಕ್ಕಳಿಗೆ ನಡಿಗೆಯು ವ್ಯಾಯಾಮವಲ್ಲ, ನಿತ್ಯಕರ್ಮ. ಅವರಿಗೆ "ತೂಕ ಇಳಿಸಿರಿ" ಎನ್ನುವುದು ಅಪಹಾಸ್ಯವಾದೀತು. ೨೦೧೬–೧೮ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಂತೆ, ದೇಶದ ೧೦–೧೯ ವರ್ಷದವರಲ್ಲಿ ನೂರಕ್ಕೆ ೨೪ ಮಂದಿ ತೀರ ತೆಳ್ಳಗಿದ್ದರು. ಅಧಿಕ ತೂಕದವರು ನೂರಕ್ಕೆ ೫ ಮಂದಿ. ಹುಡುಗಿಯರಲ್ಲಿ ನೂರಕ್ಕೆ ೪೦ ಮಂದಿಗೂ ಹುಡುಗರಲ್ಲಿ ನೂರಕ್ಕೆ ೧೮ ಮಂದಿಗೂ ರಕ್ತಹೀನತೆಯಿತ್ತು. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹೊರುವ ವಸ್ತು. ಅದು ಕಡಿಮೆಯಾದರೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಆಟದ ಅವಧಿಯಲ್ಲಿ ಮೂಲೆಯಲ್ಲಿ ಕುಳಿತಿರುವ ಹುಡುಗಿಯನ್ನು ಸೋಮಾರಿಯೆನ್ನುವ ಮುನ್ನ ಅವಳ ರಕ್ತಪರೀಕ್ಷೆ ಆಗಬೇಕು.

ತೆಳ್ಳಗಿರುವವರಿಗೂ ದಪ್ಪಗಿರುವವರಿಗೂ ಹೇಳಬೇಕಾದ ಆಹಾರದ ಸೂತ್ರವು ಬಹುಮಟ್ಟಿಗೆ ಒಂದೇ. ಜೋಳದ ರೊಟ್ಟಿ ಅಥವಾ ಅನ್ನದೊಡನೆ ಹೆಸರು, ಮಡಿಕೆ ಮೊದಲಾದ ಕಾಳುಗಳ ಪಲ್ಲೆ, ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನುಳ್ಳ ಶೇಂಗಾದ ಹಿಂಡಿ, ಸೊಪ್ಪು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಊಟದಲ್ಲಿ ನಿಂಬೆರಸವಿದ್ದರೆ ಸೊಪ್ಪು ಕಾಳುಗಳ ಕಬ್ಬಿಣವು ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದಕ್ಕೆ ತಡೆಯಾಗುತ್ತದೆ. ತೆಳ್ಳಗಿನವರು ಇದನ್ನೇ ಹೆಚ್ಚು ಉಣ್ಣಲಿ. ತೂಕ ಹೆಚ್ಚಿದವರು ಕರಿದ ತಿಂಡಿ, ಸಿಹಿ ಪಾನೀಯಗಳನ್ನು ಬಿಟ್ಟು ಇದಕ್ಕೆ ಮರಳಲಿ. ಬೆಳೆಯುವ ವಯಸ್ಸಿನಲ್ಲಿ ತೂಕವನ್ನು ಏರಗೊಡದೆ ಎತ್ತರವು ಅದನ್ನು ಹಿಂದಿಕ್ಕುವವರೆಗೆ ಕಾಯುವುದೇ ಅನೇಕರಿಗೆ ಸಾಕಾದ ಚಿಕಿತ್ಸೆ.

ದಿನಕ್ಕೆ ಅರವತ್ತು ನಿಮಿಷ

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ನೀಡಿದ ಸಲಹೆಯಂತೆ ೫ರಿಂದ ೧೭ ವರ್ಷದವರು ದಿನಕ್ಕೆ ಸರಾಸರಿ ೬೦ ನಿಮಿಷ ಉಸಿರು ಬಿರುಸಾಗುವಂಥ ಚಟುವಟಿಕೆಯಲ್ಲಿ ತೊಡಗಬೇಕು. ವಾರಕ್ಕೆ ಮೂರು ದಿನವಾದರೂ ಮಾಂಸಖಂಡ, ಮೂಳೆಗಳನ್ನು ಬಲಪಡಿಸುವ ಕೆಲಸವಿರಬೇಕು. ಅರವತ್ತು ನಿಮಿಷವೂ ಒಂದೇ ಸಲಕ್ಕೆ ಆಗಬೇಕೆಂಬ ನಿಯಮವಿಲ್ಲ. ಶಾಲೆಗೆ ಹೋಗಿಬರುವ ನಡಿಗೆ ಅಥವಾ ಸೈಕಲ್ಲು, ಸಂಜೆಯ ಖೋ ಖೋ, ಕಬಡ್ಡಿ, ಲಗೋರಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ತಿಲಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ನೆರಳಿನಲ್ಲಿ ನಡೆಯಬಹುದು. ರಜೆಯ ದಿನ ಯಳ್ಳೂರಿನ ರಾಜಹಂಸಗಡವನ್ನು ಏರಬಹುದು. ಜೂನಿನಿಂದ ಸಪ್ಟಂಬರದವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಏನು ಮಾಡುವುದು? ದಂಡ, ಬೈಠಕ್, ಸೂರ್ಯನಮಸ್ಕಾರಗಳಿಗೆ ಒಂದು ಚಾಪೆಯಷ್ಟು ಸ್ಥಳ ಸಾಕು. ಹುಡುಗಿಯರಿಗೂ ಇದೆಲ್ಲ ಅಷ್ಟೇ ಅವಶ್ಯ. ಆ ಹೊತ್ತಿನಲ್ಲಿ ಅವರನ್ನು ಮನೆಗೆಲಸಕ್ಕೆ ಕರೆಯದಿರುವುದು ಹಿರಿಯರ ಕರ್ತವ್ಯ.

ನಿದ್ರೆಯನ್ನೂ ಇದರೊಡನೆ ಎಣಿಸಬೇಕು. ಹದಿಮೂರರಿಂದ ಹದಿನೆಂಟರವರಿಗೆ ೮ರಿಂದ ೧೦ ತಾಸು ನಿದ್ರೆ ಬೇಕು. ನಿದ್ರೆಗೆಟ್ಟಾಗ ಹಸಿವನ್ನು ಕೆರಳಿಸುವ ಹಾರ್ಮೋನುಗಳು ಮೇಲಾಗಿ, ಸಿಹಿ ಮತ್ತು ಕರಿದ ತಿಂಡಿಗಳ ಕಡೆ ಮನಸ್ಸು ಎಳೆಯುತ್ತದೆ.

ಕಾರಣ ತಿಳಿಯದೆ ತೂಕವು ಬೇಗ ಏರಿದರೆ ಅಥವಾ ಇಳಿದರೆ, ಮುಟ್ಟು ನಿಂತರೆ, ಕತ್ತಿನ ಚರ್ಮ ಕಪ್ಪಾಗಿ ದಪ್ಪವಾದರೆ, ಉಂಡುದನ್ನು ಬೇಕೆಂದೇ ಕಕ್ಕುವ ಅಭ್ಯಾಸ ಅಂಟಿದರೆ ವೈದ್ಯರನ್ನು ಕಾಣಬೇಕು. ಹದಿಹರೆಯದವರಿಗಾಗಿಯೇ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳು ಏರ್ಪಟ್ಟಿವೆ. ಅಲ್ಲಿ ಸಂಕೋಚವಿಲ್ಲದೆ ಮಾತನಾಡಬಹುದು.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗ

ಸುಮಾರು ೩೦ ಸೆಂಟಿಮೀಟರು ಎತ್ತರದ ಗಟ್ಟಿಯಾದ ಮೆಟ್ಟಿಲೊಂದನ್ನು ಆರಿಸಿಕೊಳ್ಳಿರಿ. ನಿಮಿಷಕ್ಕೆ ೨೪ ಸಲದಂತೆ ಮೂರು ನಿಮಿಷ ಅದನ್ನು ಹತ್ತಿ ಇಳಿಯಿರಿ. ಕೂಡಲೇ ಕುಳಿತು, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿರಿ. ಹೃದ್ರೋಗ, ಉಬ್ಬಸ, ಜ್ವರ ಉಳ್ಳವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಆಮೇಲೆ ಎಂಟು ವಾರ ದಿನಕ್ಕೆ ಒಂದು ತಾಸು ಆಡಿ, ನಡೆದು, ಅದೇ ಮೆಟ್ಟಿಲಿನ ಮೇಲೆ ಅದೇ ಪರೀಕ್ಷೆಯನ್ನು ಮಾಡಿರಿ. ತೂಕವು ಒಂದು ಗ್ರಾಮಿನಷ್ಟೂ ಬದಲಾಗಿರದಿದ್ದರೂ ನಾಡಿಯ ಎಣಿಕೆಯು ಸಾಮಾನ್ಯವಾಗಿ ಇಳಿದಿರುತ್ತದೆ; ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಲು ಹೃದಯವು ಕಲಿತಿರುವುದೇ ಇದಕ್ಕೆ ಕಾರಣ. ತರಗತಿಯವರೆಲ್ಲ ತಮ್ಮ ತಮ್ಮ ಎರಡು ಅಂಕಿಗಳನ್ನು ನಕ್ಷೆಯ ಹಾಳೆಯ ಮೇಲೆ ಗುರುತಿಸಿ, ಯಾರ ಅಂಕಿ ಎಷ್ಟು ಇಳಿಯಿತೆಂಬುದನ್ನು ವಿಜ್ಞಾನದ ಉಪಾಧ್ಯಾಯರೊಡನೆ ಚರ್ಚಿಸಬಹುದು.